ರೀಲ್ ಕ್ಯಾಮೆರಾ ಕೊಳ್ಳುವ ಮುನ್ನ: ಕೆ1000, ಎಇ-1, ಎಫ್‌ಎಂ2 ಬಾಡಿಗಳಲ್ಲಿ ಯಾವುದು ಯಾರಿಗೆ?

ಮೊಬೈಲ್‌ನಲ್ಲೇ ದಿನಕ್ಕೆ ನೂರು ಫೋಟೊ ತೆಗೆಯುವ ಈ ಕಾಲದಲ್ಲೂ 36 ಫೋಟೊಗಳ ರೀಲ್ ಹಾಕಿ, ಒಂದೊಂದೇ ಕ್ಲಿಕ್ ಲೆಕ್ಕ ಹಾಕಿ ತೆಗೆಯುವ ಆಸೆ ಹಲವರಲ್ಲಿ ಮತ್ತೆ ಚಿಗುರಿದೆ. ಆದರೆ ಅಂಗಡಿಗೆ ಹೋಗಿ ಹೊಸ ಎಸ್‌ಎಲ್‌ಆರ್ ರೀಲ್ ಕ್ಯಾಮೆರಾ ಕೊಡಿ ಎಂದು ಕೇಳುವ ಕಾಲ ಮುಗಿದಿದೆ. ನಿಕಾನ್ ತನ್ನ ಕೊನೆಯ ಫಿಲಂ ಎಸ್‌ಎಲ್‌ಆರ್ ಆದ ಎಫ್6 ತಯಾರಿಕೆಯನ್ನು 2020ರಲ್ಲಿ ನಿಲ್ಲಿಸಿತು. 2024ರಲ್ಲಿ ಬಂದ ಪೆಂಟಾಕ್ಸ್ 17 ಹೊಸ ಕ್ಯಾಮೆರಾ ಎನ್ನುವುದು ನಿಜ. ಆದರೆ ಅದು ಎಸ್‌ಎಲ್‌ಆರ್ ಅಲ್ಲ, ಅದರ ಲೆನ್ಸ್ ಬದಲಿಸಲು ಬರುವುದಿಲ್ಲ, ಒಂದು ಫ್ರೇಮಿನ ಜಾಗದಲ್ಲಿ ಎರಡು ಚಿಕ್ಕ ಚಿತ್ರ ಮೂಡಿಸುವ ಹಾಫ್ ಫ್ರೇಮ್ ಮಾದರಿ ಅದು.

ಹಾಗಾಗಿ ಲೆನ್ಸ್ ಬದಲಿಸಬಹುದಾದ 35 ಎಂಎಂ ಎಸ್‌ಎಲ್‌ಆರ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೇ ಗತಿ. ಮುಂಬೈನ ಫೋರ್ಟ್ ಪ್ರದೇಶದ ಬೋರಾ ಬಜಾರ್‌ನಲ್ಲಿ ಹುಡುಕಿದರೂ, ದಿಲ್ಲಿಯ ಚಾಂದನಿ ಚೌಕ್‌ನ ಕೂಚಾ ಚೌಧರಿ ಮಾರುಕಟ್ಟೆಗೆ ಹೋದರೂ, ಆನ್‌ಲೈನ್‌ನಲ್ಲಿ ಜಾಲಾಡಿದರೂ ಹೊಸಬರ ಕಿವಿಗೆ ಬೀಳುವ ಹೆಸರುಗಳಲ್ಲಿ ಮೂರು ಮುಖ್ಯ: ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1 ಮತ್ತು ನಿಕಾನ್ ಎಫ್‌ಎಂ2. ಮೂರೂ ಒಳ್ಳೆಯ ಕ್ಯಾಮೆರಾಗಳೇ. ಆದರೆ ಇವುಗಳಲ್ಲಿ ಕೊನೆಯವರೆಗೆ ತಯಾರಾದ ಎಫ್‌ಎಂ2 ಕೂಡ 2001ರಲ್ಲೇ ನಿಂತುಹೋಗಿದೆ. ಆದ್ದರಿಂದ ಯಾವ ಮಾಡೆಲ್ ಒಳ್ಳೆಯದು ಎನ್ನುವುದಕ್ಕಿಂತ, ಕೈಯಲ್ಲಿರುವ ಪೀಸ್ ಯಾವ ಸ್ಥಿತಿಯಲ್ಲಿದೆ ಎನ್ನುವುದೇ ದೊಡ್ಡ ಪ್ರಶ್ನೆ.

ಬಾಡಿಯ ಕೆಲಸವೇನು?

ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಮೂಡಿಸುವ ಸೆನ್ಸರ್ ಬಾಡಿಯ ಒಳಗೇ ಇರುತ್ತದೆ. ಬಾಡಿ ಬದಲಿಸಿದರೆ ಚಿತ್ರದ ಗುಣಮಟ್ಟವೂ ಬದಲಾಗುತ್ತದೆ. ರೀಲ್ ಕ್ಯಾಮೆರಾದ ಲೆಕ್ಕವೇ ಬೇರೆ. ಇಲ್ಲಿ ಚಿತ್ರದ ಗುಣ ನಿರ್ಧರಿಸುವುದು ಲೆನ್ಸ್ ಮತ್ತು ಫಿಲಂ. ಬಾಡಿ ಎಂದರೆ ಬೆಳಕು ನುಸುಳದ ಕತ್ತಲ ಪೆಟ್ಟಿಗೆ, ಹೇಳಿದಷ್ಟು ಹೊತ್ತು ಮಾತ್ರ ತೆರೆದು ಮುಚ್ಚುವ ಶಟರ್, ಜೊತೆಗೆ ಬೆಳಕು ಅಳೆಯುವ ಮೀಟರ್.

ಸರಿಯಾಗಿ ಕೆಲಸ ಮಾಡುವ ಕೆ1000 ಮತ್ತು ಅದಕ್ಕಿಂತ ದುಬಾರಿಯಾದ ಎಫ್‌ಎಂ2 ಎರಡರಲ್ಲೂ ಒಂದೇ ಬಗೆಯ ಫಿಲಂ, ಸಮಾನ ಗುಣಮಟ್ಟದ ಲೆನ್ಸ್ ಬಳಸಿದರೆ, ಪ್ರಿಂಟ್ ನೋಡಿ ಯಾವುದು ಯಾವ ಬಾಡಿಯದು ಎಂದು ಹೇಳುವುದು ಕಷ್ಟ. ಹೆಚ್ಚು ಹಣಕ್ಕೆ ಸಿಗುವುದು ವೇಗದ ಶಟರ್, ಗಟ್ಟಿತನ ಮತ್ತು ಅನುಕೂಲ.

ಪೆಂಟಾಕ್ಸ್ ಕೆ1000: ಕಲಿಯುವವರ ಕ್ಯಾಮೆರಾ

1976ರಲ್ಲಿ ಮಾರುಕಟ್ಟೆಗೆ ಬಂದ ಕೆ1000 ಎರಡು ದಶಕ ಕಾಲ, 1997ರವರೆಗೆ ತಯಾರಾಯಿತು. ಇದರಲ್ಲಿ ಆಟೊ ಎಂಬುದೇ ಇಲ್ಲ. ಶಟರ್ ವೇಗ, ಅಪರ್ಚರ್, ಫೋಕಸ್ ಮೂರನ್ನೂ ಕೈಯಿಂದಲೇ ಹೊಂದಿಸಬೇಕು. ವ್ಯೂಫೈಂಡರ್ ಒಳಗಿನ ಮುಳ್ಳು ಮಧ್ಯಕ್ಕೆ ಬಂದರೆ ಬೆಳಕು ಸರಿಯಾಗಿದೆ ಎಂದರ್ಥ. ಸೆಲ್ಫ್ ಟೈಮರ್ ಕೂಡ ಇಲ್ಲ.

ಬ್ಯಾಟರಿ ಬೇಕಿರುವುದು ಮೀಟರ್‌ಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ನಡೆಯುತ್ತದೆ. ಮೀಟರ್‌ಗೆ ಆನ್-ಆಫ್ ಸ್ವಿಚ್ ಇಲ್ಲದ ಕಾರಣ, ಬಳಸದೇ ಇರುವಾಗ ಲೆನ್ಸ್‌ಗೆ ಕ್ಯಾಪ್ ಹಾಕಿಡಬೇಕು. ಇಲ್ಲದಿದ್ದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಬಟ್ಟೆಯ ಪರದೆಯ ಶಟರ್‌ನ ಗರಿಷ್ಠ ವೇಗ ಸೆಕೆಂಡಿನ 1/1000 ಭಾಗ.

ಕ್ಯಾನನ್ ಎಇ-1: ಅರ್ಧ ಕೆಲಸ ಕ್ಯಾಮೆರಾದ್ದೇ

ಇದೂ 1976ರದ್ದೇ. ಮೈಕ್ರೊಪ್ರೊಸೆಸರ್ ಅಳವಡಿಸಿದ ಮೊದಲ ಎಸ್‌ಎಲ್‌ಆರ್ ಎಂಬ ಹೆಗ್ಗಳಿಕೆ ಇದರದು. ನೀವು ಶಟರ್ ವೇಗ ಇಟ್ಟರೆ ಅಪರ್ಚರ್ ಎಷ್ಟಿರಬೇಕು ಎಂಬುದನ್ನು ಕ್ಯಾಮೆರಾವೇ ಲೆಕ್ಕ ಹಾಕಿಕೊಳ್ಳುತ್ತದೆ. ಓಡಾಡುವ ಮಕ್ಕಳ ಫೋಟೊ, ಪ್ರವಾಸದ ಫೋಟೊಗಳಿಗೆ ಇದು ಸಲೀಸು.

ಆದರೆ ಎಲ್ಲವೂ 6 ವೋಲ್ಟ್‌ನ 4ಎಲ್‌ಆರ್44 ಬ್ಯಾಟರಿಯ ಮೇಲೆ ನಿಂತಿದೆ. ಬ್ಯಾಟರಿ ಇಲ್ಲದಿದ್ದರೆ ಶಟರ್ ಕೂಡ ಬೀಳುವುದಿಲ್ಲ. ಬಿಡಿ ಬ್ಯಾಟರಿ ಒಂದನ್ನು ಸದಾ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಕು. ಬ್ಯಾಟರಿಯ ಪ್ಲಾಸ್ಟಿಕ್ ಮುಚ್ಚಳ ಮುರಿದಿರುವ ಪೀಸ್‌ಗಳೂ ಸಾಕಷ್ಟಿವೆ. ಕ್ಲಿಕ್ ಮಾಡಿದಾಗ ಕೀಚಲು ಸದ್ದು ಬಂದರೆ ಒಳಗೆ ಎಣ್ಣೆ ಒಣಗಿದೆ ಎಂದು ತಿಳಿಯಬೇಕು. ಬಲ್ಲ ಮೆಕ್ಯಾನಿಕ್ ಇದನ್ನು ಸರಿಪಡಿಸಬಲ್ಲರು, ಆದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯಬೇಕು.

ನಿಕಾನ್ ಎಫ್‌ಎಂ2: ದುಡಿಮೆಗಾರ

1982ರಲ್ಲಿ ಬಂದ ಎಫ್‌ಎಂ2 ಕೂಡ ಕೆ1000ನಂತೆ ಬ್ಯಾಟರಿ ಇಲ್ಲದೆ ಎಲ್ಲ ವೇಗದಲ್ಲೂ ಕೆಲಸ ಮಾಡುತ್ತದೆ. ವ್ಯತ್ಯಾಸ ಇರುವುದು ಶಟರ್‌ನಲ್ಲಿ. ಲೋಹದ ಅಲಗುಗಳ ಈ ಶಟರ್ ಸೆಕೆಂಡಿನ 1/4000 ಭಾಗದವರೆಗೆ ಹೋಗುತ್ತದೆ. ಫ್ಲ್ಯಾಶ್ ಜೊತೆ ಬಳಸುವಾಗ ಕೆ1000 ಮತ್ತು ಎಇ-1ರ ಮಿತಿ 1/60 ಆದರೆ, 1984ರ ಸುಧಾರಿತ ಎಫ್‌ಎಂ2 ಮಾದರಿಯದು 1/250.

ಇದರ ಲಾಭವೇನು ಎಂಬುದಕ್ಕೆ ಒಂದು ಲೆಕ್ಕ ನೋಡಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ 100 ಐಎಸ್‌ಒ ಫಿಲಂಗೆ ಎಫ್/16ರಲ್ಲಿ ಸುಮಾರು 1/125 ವೇಗ ಸಾಕು. ಹಿನ್ನೆಲೆ ಮಸುಕಾಗಲಿ ಎಂದು ಅಪರ್ಚರ್ ತೆರೆಯುತ್ತಾ ಹೋದರೆ, 1/1000ದ ಬಾಡಿಗಳು ಎಫ್/5.6ರಲ್ಲೇ ನಿಲ್ಲುತ್ತವೆ. 1/4000ದ ಎಫ್‌ಎಂ2 ಎಫ್/2.8ರವರೆಗೆ ಹೋಗಬಲ್ಲದು. ಬಿಸಿಲಿನಲ್ಲಿ ಪೋರ್ಟ್ರೇಟ್ ತೆಗೆಯುವವರಿಗೆ ಇದು ನಿಜವಾದ ಅನುಕೂಲ. ಸಂಜೆ ಬೀದಿ ಸುತ್ತಿ ಫೋಟೊ ತೆಗೆಯುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮೊದಲು ಲೆನ್ಸ್ ನೋಡಿ

ಮನೆಯಲ್ಲಿ ಈಗಾಗಲೇ ಲೆನ್ಸ್ ಇದ್ದರೆ ಅರ್ಧ ಉತ್ತರ ಸಿಕ್ಕಂತೆ. ಒಂದು ಕಂಪನಿಯ ಬಾಡಿಗೆ ಇನ್ನೊಂದರ ಲೆನ್ಸ್ ಕೂರುವುದಿಲ್ಲ. ಒಂದೇ ಕಂಪನಿಯದಾದರೂ ಎಚ್ಚರ ಬೇಕು.

ಕ್ಯಾನನ್ 1987ರಲ್ಲಿ ಲೆನ್ಸ್ ಮೌಂಟ್ ಬದಲಿಸಿತು. ಈಗಿನ ಕ್ಯಾನನ್ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಎಇ-1ಕ್ಕೆ ಹೊಂದುವುದಿಲ್ಲ. ಅದಕ್ಕೆ ಹಳೆಯ ಎಫ್‌ಡಿ ಲೆನ್ಸ್‌ಗಳೇ ಬೇಕು. ನಿಕಾನ್‌ನ ಎಫ್ ಮೌಂಟ್ 1959ರಿಂದ ಇದ್ದರೂ, 1977ಕ್ಕಿಂತ ಹಿಂದಿನ, ಮಾರ್ಪಾಡಾಗದ ಲೆನ್ಸ್‌ಗಳನ್ನು ಎಫ್‌ಎಂ2ಗೆ ತಿರುಗಿಸಿ ಹಾಕಿದರೆ ಬಾಡಿಗೆ ಹಾನಿಯಾಗಬಹುದು. ಅಪರ್ಚರ್ ರಿಂಗ್ ಇಲ್ಲದ 'ಜಿ' ಸರಣಿಯ ಹೊಸ ಲೆನ್ಸ್‌ಗಳು ಕೂರುತ್ತವೆ, ಆದರೆ ಅಪರ್ಚರ್ ಪೂರ್ತಿ ಕಿರಿದಾಗಿಯೇ ಉಳಿಯುತ್ತದೆ. ಅಂಥ ಲೆನ್ಸ್ ಇದ್ದವರಿಗೆ ಎಫ್80, ಎಫ್100ನಂಥ ಆಟೊಫೋಕಸ್ ಫಿಲಂ ಬಾಡಿಗಳೇ ಸೂಕ್ತ. ಪೆಂಟಾಕ್ಸ್ ಬಾಡಿಗೂ ಅಪರ್ಚರ್ ರಿಂಗ್ ಇರುವ ಲೆನ್ಸ್ ಆರಿಸಿಕೊಳ್ಳಬೇಕು.

ಅಂಗಡಿಯಲ್ಲೇ ಪರೀಕ್ಷಿಸಿ

* ಹಿಂಬದಿ ಬಾಗಿಲು ತೆರೆದು, ಲೆನ್ಸ್ ತೆಗೆದು, ಬೆಳಕಿಗೆ ಹಿಡಿದು ಎಲ್ಲ ವೇಗಗಳಲ್ಲೂ ಕ್ಲಿಕ್ ಮಾಡಿ. ಒಂದು ಸೆಕೆಂಡ್ ಇಟ್ಟರೆ ಒಂದು ಸೆಕೆಂಡೇ ತೆರೆದಿರಬೇಕು. ನಡುವೆ ಸಿಕ್ಕಿಕೊಳ್ಳಬಾರದು.
* ಬಟ್ಟೆಯ ಶಟರ್‌ನಲ್ಲಿ ಸೂಜಿಮೊನೆಯಷ್ಟು ತೂತೂ ಇರಬಾರದು. ಲೋಹದ ಅಲಗುಗಳು ಸೊಟ್ಟಗಾಗಿರಬಾರದು. ಎರಡನ್ನೂ ಬೆರಳಿನಿಂದ ಮುಟ್ಟಬೇಡಿ.
* ಎಫ್‌ಎಂ2ರಲ್ಲಿ ಫಿಲಂ ಎಳೆಯುವ ಲಿವರ್ ಒಳಕ್ಕೆ ಒತ್ತಿದ್ದರೆ ಶಟರ್ ಲಾಕ್ ಆಗಿರುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ, ಲಿವರ್ ತುಸು ಹೊರಗೆಳೆದು ನೋಡಿ.
* ಬಾಗಿಲ ಅಂಚಿನ ಕಪ್ಪು ಫೋಮ್ ಮುಟ್ಟಿದರೆ ಅಂಟುತ್ತಿದೆಯೇ? ಹಾಗಿದ್ದರೆ ಬೆಳಕು ನುಸುಳುತ್ತದೆ. ಇದನ್ನು ಬದಲಿಸುವುದು ಸಣ್ಣ ಕೆಲಸ, ಅದಕ್ಕೆ ಹೆದರಬೇಕಿಲ್ಲ.
* ಬ್ಯಾಟರಿ ಗೂಡಿನಲ್ಲಿ ಹಸಿರು ಅಥವಾ ಬಿಳಿ ಕಿಲುಬು ಇದೆಯೇ ನೋಡಿ. ಹೊಸ ಬ್ಯಾಟರಿ ಹಾಕಿ ಮೀಟರ್‌ನ ಅಳತೆಯನ್ನು ಮೊಬೈಲ್‌ನ ಲೈಟ್ ಮೀಟರ್ ಆ್ಯಪ್ ಜೊತೆ ಹೋಲಿಸಿ.
* ಲೆನ್ಸ್‌ಗೆ ಟಾರ್ಚ್ ಹಾಕಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಮುಂಬೈ, ಚೆನ್ನೈ, ನಮ್ಮ ಕರಾವಳಿಯಂಥ ತೇವದ ಊರುಗಳಲ್ಲಿ ಇದು ಸಾಮಾನ್ಯ. ಕೊಂಡ ಮೇಲೂ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲೇ ಇಡಿ.

ಮೊದಲ ರೀಲ್ ಮದುವೆಗೆ ಬೇಡ

ಡಿಜಿಟಲ್‌ನಲ್ಲಿ ತಪ್ಪು ಆ ಕ್ಷಣವೇ ಪರದೆಯ ಮೇಲೆ ಕಾಣುತ್ತದೆ. ರೀಲ್ ಕ್ಯಾಮೆರಾ ತನ್ನ ದೋಷವನ್ನು ಫಿಲಂ ತೊಳೆಯುವವರೆಗೂ ಬಚ್ಚಿಡುತ್ತದೆ. ಅಷ್ಟರಲ್ಲಿ ತಂಗಿಯ ಮದುವೆಯೋ ಮಗುವಿನ ನಾಮಕರಣವೋ ಮುಗಿದು ಹೋಗಿರುತ್ತದೆ. ಹಾಗಾಗಿ ಮೊದಲ ರೀಲ್ ಪರೀಕ್ಷೆಗೆಂದೇ ಮೀಸಲಿಡಿ. ಬಿಸಿಲು, ನೆರಳು, ಒಳಾಂಗಣದಲ್ಲಿ ಬೇರೆ ಬೇರೆ ವೇಗದಲ್ಲಿ ತೆಗೆದು, ಯಾವ ಫ್ರೇಮ್‌ಗೆ ಯಾವ ವೇಗ ಎಂದು ಬರೆದಿಟ್ಟುಕೊಳ್ಳಿ. ಲಿವರ್ ಎಳೆದಾಗ ಎಡಬದಿಯ ರಿವೈಂಡ್ ಗುಬುಟು ತಿರುಗುತ್ತಿದೆಯೇ ಎಂದೂ ಗಮನಿಸಿ. ತಿರುಗದಿದ್ದರೆ ಫಿಲಂ ಮುಂದಕ್ಕೆ ಹೋಗುತ್ತಿಲ್ಲ, ಇಡೀ ರೀಲ್ ಖಾಲಿ ಬರಬಹುದು.

ಕೊನೆಗೆ ಯಾವುದು?

ಫೋಟೊಗ್ರಫಿಯನ್ನು ತಳಪಾಯದಿಂದ ಕಲಿಯಬೇಕು, ಖರ್ಚು ಕಡಿಮೆ ಇರಬೇಕು ಎನ್ನುವವರಿಗೆ ಕೆ1000. ಲೆಕ್ಕಾಚಾರದ ತಲೆನೋವು ಬೇಡ, ಮನೆಮಂದಿಯ ಫೋಟೊ ಚೆನ್ನಾಗಿ ಬಂದರೆ ಸಾಕು ಎನ್ನುವವರಿಗೆ ಎಇ-1. ಬಿಸಿಲು, ಪ್ರವಾಸ, ಫ್ಲ್ಯಾಶ್ ಎಂದು ಹೆಚ್ಚು ದುಡಿಸುವವರಿಗೆ, ನಿಕಾನ್ ಲೆನ್ಸ್ ಇಟ್ಟುಕೊಂಡವರಿಗೆ ಎಫ್‌ಎಂ2.

ಆದರೆ ಸರ್ವಿಸ್ ಆಗಿರುವ ಕೆ1000 ಮತ್ತು ಶಟರ್ ತಡವರಿಸುವ ಎಫ್‌ಎಂ2 ಒಂದೇ ಬೆಲೆಗೆ ಸಿಕ್ಕರೆ ಹೆಸರಿಗೆ ಮರುಳಾಗದೆ ಕೆ1000 ತೆಗೆದುಕೊಳ್ಳಿ. ಉಳಿದ ಹಣವನ್ನು ಫಿಲಂ, ಲ್ಯಾಬ್ ಮತ್ತು ಸ್ಕ್ಯಾನಿಂಗ್‌ಗೆ ಇಟ್ಟುಕೊಳ್ಳಿ, ಏಕೆಂದರೆ ಆ ಖರ್ಚು ಪ್ರತಿ ರೀಲ್‌ಗೂ ಬರುತ್ತದೆ. ಇನ್ನು ಮನೆಯ ಅಟ್ಟದಲ್ಲೇ ಹಳೆಯ ಕ್ಯಾಮೆರಾ ಕುಳಿತಿದ್ದರೆ, ಹೊಸದಾಗಿ ಕೊಳ್ಳುವ ಮೊದಲು ಅದನ್ನು ಮೆಕ್ಯಾನಿಕ್‌ಗೆ ತೋರಿಸಿ. ಅದಕ್ಕೆ ಒಂದು ಸರ್ವಿಸ್ ಅಷ್ಟೇ ಬೇಕಿರಬಹುದು.