ಗ್ಯಾರೇಜಿಗೆ ಬಂದ ಅಧ್ಯಕ್ಷ

2015ರ ಜೂನ್ 19. ಲಾಸ್ ಏಂಜಲೀಸಿನ ಹೈಲ್ಯಾಂಡ್ ಪಾರ್ಕ್ ಬಡಾವಣೆಯ ಪುಟ್ಟ ಮನೆಯೊಂದರ ಸುತ್ತ ಭದ್ರತಾ ಸಿಬ್ಬಂದಿ. ಪಕ್ಕದ ಮನೆಯ ಚಾವಣಿಯ ಮೇಲೂ ಬಂದೂಕು ಹಿಡಿದವರು. ಮನೆಯ ಯಜಮಾನ ಮಾರ್ಕ್ ಮ್ಯಾರನ್ ಹಾಸ್ಯಗಾರ. ರೇಡಿಯೊ ಕೆಲಸ ಹೋದ ಮೇಲೆ, 2009ರಲ್ಲಿ, ಪಾಡ್‌ಕಾಸ್ಟ್ ಶುರುಮಾಡಿದ್ದವರು. ಅಂದು ಅವರ ಗ್ಯಾರೇಜಿನಲ್ಲಿ ಎದುರಿಗೆ ಬಂದು ಕೂತವರು ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ.

ಎರಡು ದಿನ ಹಿಂದಷ್ಟೇ ಚಾರ್ಲ್ಸ್‌ಟನ್ನಿನ ಚರ್ಚೊಂದರಲ್ಲಿ ಒಂಬತ್ತು ಮಂದಿ ಕಪ್ಪು ಜನರನ್ನು ಗುಂಡಿಕ್ಕಿ ಕೊಲ್ಲಲಾಗಿತ್ತು. ಆ ಗ್ಯಾರೇಜಿನಲ್ಲಿ ಜನಾಂಗದ್ವೇಷದ ಮಾತು ಬಂದಾಗ ಒಬಾಮ, ಅಧ್ಯಕ್ಷರಾದವರು ವೇದಿಕೆಯ ಮೇಲೆ ಸಾಮಾನ್ಯವಾಗಿ ಆಡದ ಬೈಗುಳವೊಂದನ್ನು ಉದಾಹರಣೆಗೆಂದು ಹಾಗೇ ಉಚ್ಚರಿಸಿಬಿಟ್ಟರು. ಸುದ್ದಿವಾಹಿನಿಗಳು ಆ ಒಂದು ಪದವನ್ನೇ ಹಿಡಿದು ಜಗ್ಗಾಡಿದವು. ಒಂದು ಗಂಟೆಯ ಉಳಿದ ಮಾತು ಕೇಳಬೇಕಾದವರು ಪಾಡ್‌ಕಾಸ್ಟಿಗೇ ಹೋಗಬೇಕಾಯಿತು.

ಪತ್ರಕರ್ತರನ್ನು ಬದಿಗಿಟ್ಟು ನೇರವಾಗಿ ಜನರ ಮನೆಯೊಳಗೆ ಕೂರುವ ಆಸೆ ಅಧಿಕಾರಸ್ಥರಿಗೆ ಹೊಸದೇನಲ್ಲ. 1933ರ ಮಾರ್ಚ್ 12ರ ಭಾನುವಾರ ರಾತ್ರಿ, ದೇಶದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ್ದಾಗ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ರೇಡಿಯೊ ಮೈಕಿನ ಮುಂದೆ ಕೂತು, ಠೇವಣಿ ಇಟ್ಟ ದುಡ್ಡನ್ನು ಬ್ಯಾಂಕು ಏನು ಮಾಡುತ್ತದೆ ಎಂದು ಹದಿಮೂರು ನಿಮಿಷದಲ್ಲಿ ತಿಳಿಹೇಳಿದರು. ಸೋಮವಾರದಿಂದ ಬ್ಯಾಂಕುಗಳು ಒಂದೊಂದಾಗಿ ತೆರೆದಾಗ, ಜನ ಹಾಸಿಗೆಯಡಿ ಬಚ್ಚಿಟ್ಟಿದ್ದ ಹಣವನ್ನು ವಾಪಸು ತಂದು ಕಟ್ಟಿದರು. ‘ಅಗ್ಗಿಷ್ಟಿಕೆ ಪಕ್ಕದ ಮಾತು’ ಎಂದು ಆಮೇಲೆ ಹೆಸರಿಟ್ಟವರು ರೇಡಿಯೊ ಕಂಪನಿಯವರು. ಹನ್ನೆರಡು ವರ್ಷದ ಅಧಿಕಾರದಲ್ಲಿ ರೂಸ್‌ವೆಲ್ಟ್ ಇಂಥ ಮಾತು ಆಡಿದ್ದು ಮೂವತ್ತು ಸಲದಷ್ಟು ಮಾತ್ರ. ಪದೇಪದೇ ಬಂದರೆ ನೆಂಟನೂ ಹಳಸುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಟೀವಿ ಬಂದಾಗ ಮಾತಿಗಿಂತ ಮುಖಕ್ಕೆ ಬೆಲೆ ಬಂತು. 1962ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಚುನಾವಣೆಯಲ್ಲೂ ಸೋತ ರಿಚರ್ಡ್ ನಿಕ್ಸನ್, ಮರುವರ್ಷ ಜ್ಯಾಕ್ ಪಾರ್ ಕಾರ್ಯಕ್ರಮದಲ್ಲಿ ಪಿಯಾನೊ ನುಡಿಸಿದರು. 1968ರಲ್ಲಿ ‘ಲಾಫ್-ಇನ್’ ಎಂಬ ಹಾಸ್ಯಕಾರ್ಯಕ್ರಮಕ್ಕೆ ಬಂದು ಒಂದೇ ಒಂದು ವಾಕ್ಯ ಹೇಳಿ ಹೋದರು. ಎದುರಾಳಿ ಹ್ಯೂಬರ್ಟ್ ಹಂಫ್ರಿ ಬರಲು ಒಪ್ಪಲಿಲ್ಲ, ಚುನಾವಣೆಯನ್ನೂ ಸೋತರು. 1992ರಲ್ಲಿ ಕಪ್ಪು ಕನ್ನಡಕ ತೊಟ್ಟು ಸ್ಯಾಕ್ಸೊಫೋನ್ ಊದಿದ ಬಿಲ್ ಕ್ಲಿಂಟನ್ ಗೆದ್ದರು. ಎಲ್ಲವೂ ನಿಮಿಷಗಳ ಆಟ. ಟೀವಿಯ ಸಮಯ ದುಬಾರಿ. ಮೇಲಾಗಿ, ಒಬ್ಬ ಅಭ್ಯರ್ಥಿಗೆ ಕೊಟ್ಟಷ್ಟು ಅವಕಾಶ ಇನ್ನೊಬ್ಬರಿಗೂ ಕೊಡಬೇಕೆಂಬ 1934ರ ಕಾನೂನು ಬೇರೆ. 2024ರ ನವೆಂಬರಿನಲ್ಲೂ ಹಾಸ್ಯಕಾರ್ಯಕ್ರಮವೊಂದರಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಕಮಲಾ ಹ್ಯಾರಿಸ್ ಕಾಣಿಸಿಕೊಂಡಿದ್ದಕ್ಕೆ ಎನ್‌ಬಿಸಿ ವಾಹಿನಿ ಟ್ರಂಪ್ ಅವರಿಗೆ ಸಮಯ ತೆಗೆದುಕೊಡಬೇಕಾಯಿತು. ಪಾಡ್‌ಕಾಸ್ಟಿಗೆ ಈ ಕಟ್ಟೂ ಇಲ್ಲ, ಗಡಿಯಾರವೂ ಇಲ್ಲ.

ಅದರ ಪೂರ್ತಿ ರುಚಿ ತಿಳಿದದ್ದು ಅದೇ ವರ್ಷ. ಅಕ್ಟೋಬರ್ 25ರಂದು ಡೊನಾಲ್ಡ್ ಟ್ರಂಪ್ ಆಸ್ಟಿನ್ನಿನಲ್ಲಿ ಪಾಡ್‌ಕಾಸ್ಟ್ ನಡೆಸುವ ಜೋ ರೋಗನ್ ಎದುರು ಸುಮಾರು ಮೂರು ಗಂಟೆ ಕೂತರು. ಅತ್ತ ಮಿಷಿಗನ್ನಿನ ಟ್ರಾವರ್ಸ್ ಸಿಟಿಯಲ್ಲಿ ಅವರ ರ‍್ಯಾಲಿಗೆ ಬಂದವರು ಚಳಿಯಲ್ಲಿ ಕಾದು ಕಾದು, ಹಲವರು ಮನೆಗೆ ಹೊರಟುಹೋದರು. ಟ್ರಂಪ್ ನಷ್ಟ ಮಾಡಿಕೊಳ್ಳಲಿಲ್ಲ: ಆ ಹರಟೆಯನ್ನು ಯೂಟ್ಯೂಬಿನಲ್ಲಿ ಕೆಲವೇ ದಿನಗಳಲ್ಲಿ 3 ಕೋಟಿಗೂ ಹೆಚ್ಚು ಸಲ ನೋಡಲಾಯಿತು. ಹ್ಯಾರಿಸ್ ‘ಕಾಲ್ ಹರ್ ಡ್ಯಾಡಿ’ ಪಾಡ್‌ಕಾಸ್ಟಿಗೆ ಹೋಗಿದ್ದರು, ರೋಗನ್ ಜೊತೆ ಮಾತುಕತೆ ಕುದುರಲಿಲ್ಲ. ಆಸ್ಟಿನ್ನಿಗೆ ಬರಬೇಕು ಎಂದವರು ರೋಗನ್. ದೇಶದ ಉಪಾಧ್ಯಕ್ಷೆಗೆ ಸ್ಥಳ ಗೊತ್ತುಮಾಡುವಷ್ಟು ಗತ್ತು ಒಬ್ಬ ಹಾಸ್ಯಗಾರನಿಗೆ ಬಂದಿತ್ತು.

ಮೂರು ಗಂಟೆ ಬರೀ ಸೋಗು ಹಾಕಿ ಕೂರುವುದು ಕಷ್ಟ ಎನ್ನುವವರಿದ್ದಾರೆ. ಇರಬಹುದು. ಆದರೆ ಜಗಲಿಯ ಮೇಲೆ ಕೂತ ಅತಿಥಿಯನ್ನು ಯಾರೂ ಪಾಟೀಸವಾಲಿಗೆ ಒಳಪಡಿಸುವುದಿಲ್ಲ. ಭಾರತದಲ್ಲಿ ನರೇಂದ್ರ ಮೋದಿ 2019ರ ಮೇ ತಿಂಗಳಲ್ಲಿ ಪಕ್ಷದ ಪತ್ರಿಕಾಗೋಷ್ಠಿಗೆ ಬಂದು ಕೂತರೂ ಪ್ರಶ್ನೆಗಳನ್ನು ಅಮಿತ್ ಶಾ ಅವರಿಗೆ ಬಿಟ್ಟುಕೊಟ್ಟಿದ್ದರು. ಅದೇ ಮೋದಿ 2025ರ ಜನವರಿಯಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರ ಪಾಡ್‌ಕಾಸ್ಟಿನಲ್ಲಿ ನಿರಾಳವಾಗಿ ಹರಟಿದರು. ನನ್ನ ಹಿಂದಿ ಅಷ್ಟಕ್ಕಷ್ಟೆ, ಬೆಳೆದದ್ದು ಕನ್ನಡದ ಊರಲ್ಲಿ ಎಂದು ಕಾಮತ್ ಸಂಕೋಚಪಟ್ಟಾಗ, ಇಬ್ಬರೂ ಸೇರಿ ಸುಧಾರಿಸೋಣ ಎಂಬಂತೆ ಪ್ರಧಾನಿ ಸಮಾಧಾನ ಹೇಳಿದರು. ಮಾರ್ಚಿನಲ್ಲಿ ಪಾಡ್‌ಕಾಸ್ಟ್ ನಡೆಸುವ ಲೆಕ್ಸ್ ಫ್ರಿಡ್‌ಮನ್ ಜೊತೆ ಮೂರು ಗಂಟೆಗೂ ಮಿಕ್ಕಿ ಮಾತು. ಆ ಸಂದರ್ಶಕರು ಹೆಚ್ಚುಕಡಿಮೆ ಎರಡು ದಿನ ನೀರು ಮಾತ್ರ ಕುಡಿದು ಉಪವಾಸವಿದ್ದು ಬಂದಿದ್ದರು. ಹಾಗೆ ಬಂದವರು ಕೇಳುವುದು ಪ್ರಶ್ನೆಯೋ, ದರ್ಶನವೋ?

ಮ್ಯಾರನ್ 2025ರ ಅಕ್ಟೋಬರಿನಲ್ಲಿ ತಮ್ಮ ಪಾಡ್‌ಕಾಸ್ಟ್ ನಿಲ್ಲಿಸಿದರು. ಕೊನೆಯ ಅತಿಥಿಯೂ ಒಬಾಮ ಅವರೇ. ಈ ಸಲ ವಾಷಿಂಗ್ಟನ್ನಿನ ಒಬಾಮ ಕಚೇರಿಗೆ ಮ್ಯಾರನ್ನೇ ಮೈಕು ಹೊತ್ತು ಹೋಗಿದ್ದರು.