ಒಂದು ತಲೆ, ಎರಡು ಒಡಲು

ಚೂರುಗಳನ್ನು ಹೊಂದಿಸಿ ಚಿತ್ರವನ್ನು ಪೂರ್ಣಗೊಳಿಸುವ ಜಿಗ್‌ಸಾ ಆಟವು ಪಾಠದ ಹೊಟ್ಟೆಯಲ್ಲಿ ಹುಟ್ಟಿದ್ದೆಂಬುದು ಅಧ್ಯಾಪಕನಾದ ನನಗೆ ಇಂದಿಗೂ ಹೆಮ್ಮೆಯ ಸಂಗತಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆಗಾರನು ಭೂಪಟವನ್ನು ತೆಳುವಾದ ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯಗುಂಟ ಸಣ್ಣ ಗರಗಸದಿಂದ ಕೊಯ್ದು ಮಾರತೊಡಗಿದನು. ಸಿರಿವಂತರ ಮಕ್ಕಳು ಅದನ್ನು ಹೊಂದಿಸುತ್ತ ಭೂಗೋಳ ಕಲಿತರು. ರಟ್ಟಿನ ಅಗ್ಗದ ಚೂರುಗಳು ಬಂದು, 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಅಮೆರಿಕದಲ್ಲಿ ಮನೆಮನೆಯ ಗೀಳಾದದ್ದು ಬಹಳ ತರುವಾಯ.

ಭೂಪಟದ ಆಟದಲ್ಲಿ ಒಂದು ಸೌಕರ್ಯವುಂಟು. ಪ್ರತಿಯೊಂದು ಚೂರಿಗೂ ಒಂದೇ ಸ್ಥಾನ, ಒಂದೇ ಒಡೆತನ. ಸ್ಪೇನಿನ ತುಂಡು ಸ್ಪೇನಿನದೇ. ಆದರೆ ಕಣ್ಣನ್ನು ಭ್ರಮೆಗೊಳಿಸುವ ಚಿತ್ರವನ್ನು ಕತ್ತರಿಸಿ ಮುಂದಿಟ್ಟರೆ ಏನಾದೀತು?

ಅಂಥ ಚಿತ್ರಗಳಲ್ಲಿ ಬಾತುಕೋಳಿ-ಮೊಲದ ಚಿತ್ರ ಹೆಸರಾದದ್ದು. 1892ರಲ್ಲಿ ಜರ್ಮನಿಯ ಹಾಸ್ಯಪತ್ರಿಕೆಯೊಂದರಲ್ಲಿ ಅಚ್ಚಾದ ಅದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಜಾಸ್ಟ್ರೋ 1899ರಲ್ಲಿ ತನ್ನ ಬರಹದಲ್ಲಿ ಬಳಸಿಕೊಂಡನು; ಮುಂದೆ ವಿಟ್‌ಗೆನ್‌ಸ್ಟೈನನು ತತ್ತ್ವಚಿಂತನೆಗೂ ಎಳೆದು ತಂದನು. ಕೊಕ್ಕೆಂದರೆ ಕೊಕ್ಕು, ಕಿವಿಯೆಂದರೆ ಕಿವಿ. ಎರಡೂ ಒಟ್ಟಿಗೆ ಮಾತ್ರ ಕಾಣವು.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪದ ಸಂಗತಿಯನ್ನು ನೋಡಬೇಕಾದರೆ ಬಾದಾಮಿಗೆ ಹೋಗಬೇಕು. ಚಾಲುಕ್ಯರ ಕಾಲದ, ಆರನೆಯ ಶತಮಾನದ ಒಂದನೆಯ ಗುಹೆಯ ಮುಂಭಾಗದಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ ಸಣ್ಣದೊಂದು ಶಿಲ್ಪವಿದೆ. ಎದುರುಗಡೆ ಹದಿನೆಂಟು ಕೈಗಳ ನಟರಾಜನಿರುವುದರಿಂದ ಪ್ರವಾಸಿಗರು ಬೆನ್ನು ತಿರುಗಿಸಿ ನಿಂತುಬಿಡುತ್ತಾರೆ. ಇದನ್ನು ಕಾಣದೆ ಬಂದವರೇ ಹೆಚ್ಚು. ಒಂದು ಆನೆ, ಒಂದು ಎತ್ತು. ಒಡಲು ಎರಡು, ತಲೆ ಒಂದೇ. ಎತ್ತಿನ ಒಡಲನ್ನು ಅಂಗೈಯಿಂದ ಮರೆಮಾಡಿದರೆ ಆನೆ ನಿಲ್ಲುತ್ತದೆ. ಆನೆಯನ್ನು ಮರೆಮಾಡಿದರೆ ಅದೇ ತಲೆ ಎತ್ತಿನದಾಗುತ್ತದೆ. ವೃಷಭಕುಂಜರವೆಂದು ಇದರ ಹೆಸರು. ತಮಿಳುನಾಡಿನ ದಾರಾಸುರದಲ್ಲಿ, ಹನ್ನೆರಡನೆಯ ಶತಮಾನದ ಚೋಳರ ದೇಗುಲದಲ್ಲಿಯೂ ಇದೇ ಬಗೆಯದೊಂದಿದೆ.

‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಜಂಬಕ್ಕೆ ಇದನ್ನು ಹೇಳುತ್ತಿಲ್ಲ. ಎರಡರ ಸ್ವಭಾವವೇ ಬೇರೆ. ಜರ್ಮನಿಯ ಚಿತ್ರವು ‘ಇದೋ, ಅದೋ’ ಎಂದು ನೋಡುವವನನ್ನು ಕೆಣಕುತ್ತದೆ. ಬಾದಾಮಿಯ ಶಿಲ್ಪಿಯು ಎರಡು ಒಡಲುಗಳನ್ನೂ ಕಣ್ಣೆದುರೇ ಇಟ್ಟಿದ್ದಾನೆ. ಬಚ್ಚಿಟ್ಟದ್ದು ಏನೂ ಇಲ್ಲ. ನನಗೆ ಇದೇ ಹೆಚ್ಚು ಸೊಗಸಾಗಿ ತೋರುತ್ತದೆ.

ನಾರ್ವೆಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮುಂದಿನದು ನೆನಪಿರಬಹುದು. ಆಷಾಢದ ಮಳೆಯಲ್ಲಿ ಆಟದ ಅವಧಿಯೆಂದರೆ ತರಗತಿಯೊಳಗೇ ಕುಳಿತಿರುವುದು. ಬಾದಾಮಿಯಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡಿಸಿ, ರಟ್ಟಿಗೆ ಅಂಟಿಸಿ, 24 ಚೂರು ಮಾಡಿದ್ದೆ. ತಲೆಯನ್ನು ಮಾತ್ರ ಸೀಳದೆ ಒಂದೇ ಚೂರಿನಲ್ಲಿ ಉಳಿಸಿದ್ದೆ. ಎರಡು ತಂಡ: ಆನೆಯವರು, ಎತ್ತಿನವರು. ಪೂರ್ತಿ ಚಿತ್ರವನ್ನು ತೋರಿಸಿರಲಿಲ್ಲ. ಅಂಚುಗಳು ಕೂಡಿದವು, ಕಾಲುಗಳು ಕೂಡಿದವು, ಕೊನೆಗೆ ತಲೆಯ ಚೂರಿಗೆ ಜಗ್ಗಾಟ ಆರಂಭವಾಯಿತು. ಆನೆಯವರು ಹೊಂದಿಸಿ ತೋರಿಸಿದರು, ಸರಿಯಾಗಿಯೇ ಕೂಡಿತು. ಎತ್ತಿನವರು ಕಿತ್ತು ತಮ್ಮಲ್ಲಿ ಹೊಂದಿಸಿದರು, ಅದೂ ಕೂಡಿತು. ತೀರ್ಪಿಗಾಗಿ ನನ್ನತ್ತ ನೋಡಿದರು. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು, ಯಾರನ್ನೂ ಕೇಳದೆ, ತಲೆಯ ಚೂರನ್ನು ಮೇಜಿನ ನಡುವೆ ಇಟ್ಟು, ಆನೆಯನ್ನು ಈ ಕಡೆಯಿಂದಲೂ ಎತ್ತನ್ನು ಆ ಕಡೆಯಿಂದಲೂ ಅದರ ಹತ್ತಿರಕ್ಕೆ ಸರಿಸಿದಳು. ತರಗತಿಯಲ್ಲಿ ಒಂದು ಕ್ಷಣ ಹಂಚಿನ ಮೇಲಿನ ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಎದ್ದ ಗದ್ದಲವನ್ನು ಪಕ್ಕದ ತರಗತಿಯ ಅಧ್ಯಾಪಕರು ಬಂದು ಅಡಗಿಸಬೇಕಾಯಿತು.

ಆ ವರ್ಷ ಶೃಂಗೇರಿಗೆ ಪ್ರವಾಸ ಹೋದಾಗ ಇದು ಉಪಯೋಗಕ್ಕೆ ಬಂತು. ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದ ರಾಶಿಕಂಬಗಳಲ್ಲಿ ಸಿಂಹಗಳ ಬಾಯೊಳಗೆ ಕಲ್ಲಿನ ಉಂಡೆಗಳಿವೆಯಷ್ಟೆ. ಉರುಳುತ್ತವೆ, ಹೊರಗೆ ಬಾರವು. ನೋಡಿದವರೆಲ್ಲರೂ ‘ಒಳಗೆ ಹೇಗೆ ಇಟ್ಟರು?’ ಎಂದೇ ಕೇಳುತ್ತಾರೆ. ಚೂರುಗಳನ್ನು ಜೋಡಿಸಿಯೇ ಇಡಿಯಾದದ್ದು ಆಗುತ್ತದೆಂಬ ನಮ್ಮ ರೂಢಿಯೇ ಹಾಗೆ ಕೇಳಿಸುತ್ತದೆ. ಅದನ್ನು ಯಾರೂ ಒಳಗಿಡಲಿಲ್ಲ. ಬಾಯಿಯೂ ಉಂಡೆಯೂ ಒಂದೇ ಕಲ್ಲು, ನಡುವಿನದನ್ನು ಕೊರೆದು ತೆಗೆದರು. ನಮ್ಮ ಮಕ್ಕಳಿಗೆ ಇದನ್ನು ನಾನು ವಿವರಿಸಬೇಕಾಗಿ ಬರಲಿಲ್ಲ.

ಆ ಚೂರುಗಳ ಡಬ್ಬಿ ಈಗಲೂ ನನ್ನ ಕಪಾಟಿನಲ್ಲಿದೆ. ಜಗ್ಗಾಟದಲ್ಲಿ ತಲೆಯ ಚೂರಿನ ಮೂಲೆಗಳು ಸವೆದಿವೆ. ಆನೆಯ ಹಿಂಗಾಲಿನದೊಂದು ಚೂರು ಮಾತ್ರ ಕಾಣೆಯಾಗಿದೆ. ನಿಮ್ಮಲ್ಲಿ ಯಾರ ಚೀಲದೊಳಗೆ ಸೇರಿ ಹೋಯಿತೋ, ಹಳೆಯ ಪುಸ್ತಕಗಳ ನಡುವೆ ಒಮ್ಮೆ ಹುಡುಕಿ ನೋಡಿ.