ಹರಾಂಬೆಯ ರೈಲು, ನೈರೋಬಿಯ ಹಳಿ

2025ರ ಮೇ 7ರಂದು ನಮ್ಮ ರೂಮಿನ ನಾಲ್ಕೂ ಮೊಬೈಲುಗಳಲ್ಲಿ ಒಂದೇ ಚಿತ್ರ. ನೀರಿನ ಅಂಚಿನಲ್ಲಿ ಗಾಜಿನ ಗೋಪುರವೊಂದು ಹೊಳೆಯುತ್ತಾ ನಿಂತಿದೆ. ಅಬುಧಾಬಿಯ ಯಾಸ್ ದ್ವೀಪದಲ್ಲಿ ತನ್ನ ಏಳನೆಯ ಥೀಮ್ ಪಾರ್ಕ್ ರೆಸಾರ್ಟ್ ಬರಲಿದೆ ಎಂದು ಡಿಸ್ನಿ ಕಂಪನಿ ಅಂದು ಘೋಷಿಸಿತ್ತು. ಕಟ್ಟುವುದು, ನಡೆಸುವುದು ಇಲ್ಲಿನ ಮಿರಾಲ್ ಕಂಪನಿ. ವಿನ್ಯಾಸ ಮಾತ್ರ ಡಿಸ್ನಿಯವರದ್ದು. ಸಂಜೆಯಾಗುವಷ್ಟರಲ್ಲಿ ಜಗತ್ತಿನ ಮೂಲೆಮೂಲೆಯ ಅಭಿಮಾನಿಗಳು ಆ ಚಿತ್ರಕ್ಕೆ ಮುಗಿಬಿದ್ದಿದ್ದರು. ಇದೆಂಥ ಕೋಟೆ, ಕಲ್ಲಿನ ಗೋಡೆ ಎಲ್ಲಿ ಎಂದು ಕೆಲವರು. ಈ ಸೆಕೆಯಲ್ಲಿ ಯಾರು ನಡೆಯುತ್ತಾರೆ ಎಂದು ಇನ್ನು ಕೆಲವರು. ಅದ್ಭುತ, ಈಗಲೇ ಟಿಕೆಟ್ ಕೊಡಿ ಎಂದವರಿಗೂ ಬರವಿರಲಿಲ್ಲ. ನಮ್ಮ ರೂಮಿನ ಕುಂದಾಪುರದ ಹುಡುಗ ಸ್ಟೀಲ್ ಫಿಕ್ಸರ್. ಅವನು ಚಿತ್ರವನ್ನು ದೊಡ್ಡದು ಮಾಡಿ ಒಂದು ನಿಮಿಷ ನೋಡಿ ಕೇಳಿದ್ದು ಇಷ್ಟೇ: "ಕೆಲ್ಸ ಯಾವಾಗ ಶುರು ಆತ್ತಂಬ್ರ್ ಅಣ್ಣ? ಕಾಂಟ್ರಾಕ್ಟ್ ಯಾರಿಗಂಬ್ರ್?"

ಅವನ ಪ್ರಶ್ನೆ ನನ್ನನ್ನು ಎರಡು ಊರುಗಳಿಗೆ ಕರೆದುಕೊಂಡು ಹೋಯಿತು. ಒಂದು ನೈರೋಬಿ. ಗಲ್ಫಿಗೆ ಬರುವ ಮೊದಲು ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೂರು ವರ್ಷ ಸ್ಟೋರ್‌ಕೀಪರ್ ಆಗಿದ್ದೆ. ಇನ್ನೊಂದು ಹರಾಂಬೆ. ಆಫ್ರಿಕಾದ ಯಾವ ನಕ್ಷೆಯಲ್ಲೂ ನಿಮಗೆ ಆ ಊರು ಸಿಗದು, ಯಾಕೆಂದರೆ ಅದು ಇರುವುದು ಅಮೆರಿಕದ ಫ್ಲೋರಿಡಾದಲ್ಲಿ.

ಡಿಸ್ನಿಯ ಅನಿಮಲ್ ಕಿಂಗ್‌ಡಮ್ ಪಾರ್ಕ್ 1998ರ ಏಪ್ರಿಲ್ 22ರಂದು ಬಾಗಿಲು ತೆರೆಯಿತು. ಅದರೊಳಗೆ ಕಟ್ಟಿದ ಪೂರ್ವ ಆಫ್ರಿಕಾದ ಕಾಲ್ಪನಿಕ ಊರೇ ಹರಾಂಬೆ. ಲಾಮು, ಮೊಂಬಾಸಾ, ಜಾಂಜಿಬಾರ್ ಕಡೆಯ ಹಳೆಯ ಪಟ್ಟಣಗಳನ್ನು ನೋಡಿಕೊಂಡು ಬಂದು ಕಟ್ಟಿದ್ದು. ಬಿರುಕುಬಿಟ್ಟ ಗೋಡೆ, ಮಾಸಿದ ಸುಣ್ಣ, ಕೈಬರಹದ ಬೋರ್ಡು, ಸ್ವಾಹಿಲಿ ಜಾಹೀರಾತು. ಎಲ್ಲವೂ ಹೊಸತು, ಎಲ್ಲವನ್ನೂ ಹಳತಾಗಿ ಕಾಣುವಂತೆ ಮಾಡಿದ್ದು. ಈ ಪಾರ್ಕಿನ ಮುಖ್ಯ ವಿನ್ಯಾಸಕಾರ ಜೋ ರೋಡಿ. ಎಡಗಿವಿಗೆ ದೇಶದೇಶದ ಓಲೆಗಳ ಗೊಂಚಲನ್ನೇ ನೇತುಹಾಕಿಕೊಂಡ ಈ ಮನುಷ್ಯ ನಲವತ್ತು ವರ್ಷ ಡಿಸ್ನಿಯಲ್ಲಿ ದುಡಿದು 2021ರ ಜನವರಿಯಲ್ಲಿ ನಿವೃತ್ತರಾದರು. ಇನ್‌ಸ್ಟಾಗ್ರಾಂನಲ್ಲಿ ಅವರು ಬರೆಯುವುದು ಎರಡು ಸಾಲಿನ ಪ್ರಚಾರವಲ್ಲ, ಸಣ್ಣ ಪಾಠಗಳು. ಒಂದು ಬಿರುಕು ಯಾಕೆ ಅಲ್ಲಿದೆ, ಒಂದು ಬಾಗಿಲಿನ ಬಣ್ಣ ಯಾಕೆ ಹಾಗೆ ಎಂದು ಕುಳಿತು ವಿವರಿಸುತ್ತಾರೆ. ಅಭಿಮಾನಿಗಳಿಗೆ ಅದೇ ಹಬ್ಬ. ಎಷ್ಟು ಸಲ ಹೋಗಿದ್ದರೂ ಇದನ್ನು ಗಮನಿಸಿರಲಿಲ್ಲ ಎನ್ನುವವರು, ತೀರಿಕೊಂಡ ಅಪ್ಪನ ಜೊತೆ ಅಲ್ಲಿ ನಡೆದದ್ದನ್ನು ನೆನೆಯುವವರು.

ಆದರೆ ಅಭಿಮಾನಿ ಎಂದರೆ ಬರೀ ಜೈಕಾರ ಹಾಕುವವನಲ್ಲ. ಅದೇ ಪಾರ್ಕಿನಲ್ಲಿ 2006ರಲ್ಲಿ ಎವರೆಸ್ಟ್ ಹೆಸರಿನ ರೋಲರ್ ಕೋಸ್ಟರ್ ಶುರುವಾಯಿತು. ಅದರೊಳಗೆ ಕೈಬೀಸಿ ಹೆದರಿಸುವ ದೈತ್ಯ ಯೇತಿ. ಕೆಲವು ತಿಂಗಳಲ್ಲೇ ಯಂತ್ರ ಕೈಕೊಟ್ಟಿತು. ಅಲುಗಾಡದೆ ನಿಂತ ಯೇತಿಯ ಮೇಲೆ ಮಿಣಮಿಣ ದೀಪ ಬಿಟ್ಟು ಅದು ಕುಣಿಯುವಂತೆ ತೋರಿಸತೊಡಗಿದರು. ಅಭಿಮಾನಿಗಳು ಅದಕ್ಕೆ 'ಡಿಸ್ಕೋ ಯೇತಿ' ಎಂದು ಹೆಸರಿಟ್ಟರು. 2013ರ ಅಭಿಮಾನಿಗಳ ಸಮಾವೇಶದಲ್ಲಿ ರೋಡಿ ಅವರು ಒಂದಲ್ಲ ಒಂದು ದಿನ ಅದನ್ನು ಸರಿಮಾಡಿಯೇ ಸಿದ್ಧ ಎಂದು ಆಣೆ ಮಾಡಿದರು. ಅಲ್ಲಿಂದ ಶುರು. ರೋಡಿ ಬಾಲಿಯ ಶಿಲ್ಪದ ಬಗ್ಗೆ ಬರೆಯಲಿ, ಸಮುದ್ರದ ಬಗ್ಗೆ ಬರೆಯಲಿ, ಯಾರಾದರೊಬ್ಬರು ಕೆಳಗೆ ಕೇಳುತ್ತಾರೆ: ಯೇತಿ ಯಾವಾಗ ರಿಪೇರಿ? ನಮ್ಮೂರಿನ ಶಾಸಕರು ದೀಪಾವಳಿ ಶುಭಾಶಯ ಹಾಕಿದರೂ ಕೆಳಗೆ ಜನ ಹೊಂಡದ ಫೋಟೋ ಹಾಕುತ್ತಾರಲ್ಲ, ಹಾಗೆ. ಮಾತು ಕೊಟ್ಟವರನ್ನು ಜನ ಬಿಡುವುದಿಲ್ಲ.

ಹರಾಂಬೆಯಲ್ಲಿ ಒಂದು ರೈಲ್ವೆ ಸ್ಟೇಷನ್ನೂ ಇದೆ. ಬ್ರಿಟಿಷರ ಕಾಲದ್ದೆಂಬಂತೆ ಕಾಣುವ ಉಗಿಬಂಡಿ, ಬೋಗಿಯ ನೆತ್ತಿಯ ಮೇಲೆ ಪೆಟ್ಟಿಗೆ, ಬುಟ್ಟಿಗಳ ರಾಶಿ. ಎಂಜಿನ್ನು ತಯಾರಾಗಿದ್ದು ಇಂಗ್ಲೆಂಡಿನಲ್ಲಿ. ಈ ರೈಲಿನ ವಿಡಿಯೋ ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಇದರ ಅಸಲನ್ನು ನಾನು ಭಾನುವಾರಗಳಲ್ಲಿ ಮುಟ್ಟಿ ನೋಡಿದ್ದೆ. ನೈರೋಬಿ ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ 1971ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಸಿಗುತ್ತದೆ. ಅಂಗಳದಲ್ಲಿ 'ಮೌಂಟ್ ಗೆಲಾಯ್' ಎಂಬ 252 ಟನ್ನಿನ ಗ್ಯಾರಟ್ ಎಂಜಿನ್ ಆನೆಯಂತೆ ನಿಂತಿದೆ. ಪಕ್ಕದಲ್ಲಿ ಒಂದು ಹಳೆಯ ಬೋಗಿ. 1900ರಲ್ಲಿ ಕೀಮಾ ಎಂಬಲ್ಲಿ ಅದರೊಳಗೆ ಮಲಗಿದ್ದ ಪೊಲೀಸ್ ಅಧಿಕಾರಿ ರಯಾಲ್‌ನನ್ನು ಸಿಂಹ ಕಿಟಕಿಯಿಂದ ಎಳೆದುಕೊಂಡು ಹೋಗಿತ್ತು.

ನೈರೋಬಿ ಎಂಬ ಊರೇ ಈ ರೈಲಿನ ಕೂಸು. ಮಸಾಯಿ ಭಾಷೆಯಲ್ಲಿ ಆ ಹೆಸರಿನ ಅರ್ಥ ತಣ್ಣೀರು. ಮೊಂಬಾಸಾದಿಂದ 1896ರಲ್ಲಿ ಹೊರಟ ಹಳಿ 1899ರ ಮೇ ಕೊನೆಗೆ ಸುಮಾರು 327ನೇ ಮೈಲಿಯ ಈ ಜೌಗು ಬಯಲಿಗೆ ಬಂತು. ಸಾಮಾನು ಇಳಿಸಲು ಶೆಡ್ಡು, ಡೇರೆ ಎದ್ದವು, ಅವೇ ರಾಜಧಾನಿಯಾದವು. 1901ರ ಡಿಸೆಂಬರಿನಲ್ಲಿ ಹಳಿ ವಿಕ್ಟೋರಿಯಾ ಸರೋವರ ಮುಟ್ಟಿತು. ಖರ್ಚು ವಿಪರೀತವಾಗಿ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಬೈಗುಳ ತಿಂದ ಲೈನು ಇದು. ಆ ಹಣ ಹುಟ್ಟಬೇಕಿದ್ದರೆ ಜನ ಬರಬೇಕಿತ್ತು. ಜನ ಬರಲು ಪ್ರಚಾರ ಬೇಕಿತ್ತು.

1908ರ ಸುಮಾರಿಗೆ ಯುಗಾಂಡ ರೈಲ್ವೆ ಒಂದು ಪೋಸ್ಟರ್ ಹೊರಡಿಸಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ವೈರಲ್ ಆಯಿತು. ಈಗಲೂ ಅದರ ಪ್ರತಿಗಳು ಮಾರಾಟವಾಗುತ್ತವೆ. ಆನೆ, ಸಿಂಹ, ಜಿರಾಫೆ, ಘೇಂಡಾಮೃಗಗಳೆಲ್ಲ ರೈಲನ್ನು ಮುತ್ತಿಕೊಂಡಿವೆ, ನೆಂಟರನ್ನು ಎದುರುಗೊಳ್ಳಲು ಪ್ಲಾಟ್‌ಫಾರಂಗೆ ಬಂದವರಂತೆ. ಕೀನ್ಯಾದ ಎತ್ತರದ ಪ್ರದೇಶ ಶ್ರೀಮಂತರಿಗೆ ಚಳಿಗಾಲ ಕಳೆಯುವ ಮನೆ, ಬೇಟೆಗಾರರಿಗೆ ಹವ್ಯಾಸ ಎಂಬ ಅರ್ಥದ ಮಾತುಗಳಿವೆ. ನನ್ನ ಲೆಕ್ಕದಲ್ಲಿ ಥೀಮ್ ಪಾರ್ಕಿನ ಮೊದಲ ಪೋಸ್ಟ್ ಅದೇ. ಇಡೀ ದೇಶವನ್ನೇ ಒಂದು ಸವಾರಿ ಎಂದು ಬಿಂಬಿಸಿದ್ದು ಅದು.

ಆ ಕಾಲದ ಅಭಿಮಾನಿಗಳೂ ಸಾಮಾನ್ಯರಲ್ಲ. 1909ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮೊಂಬಾಸಾದಲ್ಲಿ ಇಳಿದು, ಎಂಜಿನ್ನಿನ ಮೂತಿಯ ಮೇಲೆ ಹಾಕಿಸಿದ ಆಸನದಲ್ಲಿ ಕೂತು ಕಾಡು ನೋಡಿದರು. ತಂದೆ, ಮಗ ಸೇರಿ ಹೊಡೆದ ಪ್ರಾಣಿಗಳು 512. ಈ ಪ್ರವಾಸದ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ರೈಲಿನದ್ದು. ಆದಿಯುಗದ ಮೃಗಗಳ ನಡುವೆ ಹೋಗುವ ರೈಲು ಎಂಬ ಬಣ್ಣನೆ. ಯಾವ ಪೋಸ್ಟರ್‌ಗೂ ಇಂಥ 'ಶೇರ್' ಸಿಕ್ಕಿರಲಿಕ್ಕಿಲ್ಲ.

ಅವರಿಗಿಂತ ಮೊದಲು, 1907ರಲ್ಲಿ, ಅದೇ ರೀತಿ ಎಂಜಿನ್ನಿನ ಮುಂದೆ ಕೂತು ಹೋದವರು ವಿನ್‌ಸ್ಟನ್ ಚರ್ಚಿಲ್. ಭಾರತದ ವಿಷಯದಲ್ಲಿ ಅವರ ಬಗ್ಗೆ ನಮಗೆ ಒಳ್ಳೆಯ ಮಾತು ಹೇಳಲು ಹೆಚ್ಚೇನಿಲ್ಲ. ಆದರೂ 1908ರ ಅವರ ಪ್ರವಾಸ ಕಥನದಲ್ಲಿ ಒಂದು ಸತ್ಯ ಅಡಗದೆ ಹೊರಬಂದಿದೆ: ಈ ದೇಶದ ಎಲ್ಲವೂ ನಿಂತಿರುವುದು ಈ ಒಂದು ರೈಲಿನ ಮೇಲೆ, ಅದನ್ನು ಕಟ್ಟಿದ್ದು ಭಾರತದ ಕೂಲಿಯವರು, ಅಂಥವರನ್ನು ಹೊರದಬ್ಬುವ ನೀತಿ ಮಾನವಿದ್ದ ಯಾವ ಸರ್ಕಾರಕ್ಕಾದರೂ ಸರಿಯೇ ಎಂದು ಅವರು ಕೇಳುತ್ತಾರೆ. ಕೇಳಿದ್ದಷ್ಟೇ ಲಾಭ. ಅದೇ ವರ್ಷ ವಸಾಹತು ಮಂತ್ರಿ ಲಾರ್ಡ್ ಎಲ್ಗಿನ್, ಆಡಳಿತದ ಅನುಕೂಲಕ್ಕಾಗಿ ಎತ್ತರದ ಪ್ರದೇಶದ ಜಮೀನನ್ನು ಭಾರತೀಯರಿಗೆ ಕೊಡಕೂಡದು ಎಂಬ ನಿಲುವನ್ನು ಗಟ್ಟಿಮಾಡಿದರು. ಪೋಸ್ಟರ್ ಶ್ರೀಮಂತರನ್ನು ಕರೆದದ್ದು ಅದೇ ಜಮೀನಿಗೆ. ಅಲ್ಲಿ ಮೊದಲೇ ಇದ್ದ ಮಸಾಯಿ, ಕಿಕುಯು ಜನರನ್ನು ಕೇಳಿದವರು ಯಾರೂ ಇಲ್ಲ.

ಈ ಲೈನಿಗೆ ಭಾರತದಿಂದ ಬಂದವರು ಸುಮಾರು 32,000 ಮಂದಿ. ಬಹುಪಾಲು ಪಂಜಾಬಿನವರು, ಕರಾಚಿಯಲ್ಲಿ ಹಡಗು ಹತ್ತಿದವರು, ಮೂರು ವರ್ಷದ ಕಾಂಟ್ರಾಕ್ಟ್. ಸತ್ತವರು ಸುಮಾರು 2,500. ಕಾಂಟ್ರಾಕ್ಟ್ ಮುಗಿದ ಮೇಲೆ ಅಲ್ಲೇ ಉಳಿದವರು 6,700ಕ್ಕೂ ಹೆಚ್ಚು. ಸಾವೋ ನದಿಯ ಸೇತುವೆ ಕಟ್ಟಿಸಿದ ಎಂಜಿನಿಯರ್ ಪ್ಯಾಟರ್ಸನ್ 1907ರಲ್ಲಿ ಬರೆದ ಪುಸ್ತಕದಲ್ಲಿ ಸಂಬಳದ ವಿಷಯವಿದೆ. ಮೇಸ್ತ್ರಿಗೆ ತಿಂಗಳಿಗೆ 45 ರೂಪಾಯಿ, ಸಾದಾ ಕೂಲಿಗೆ 12. ಹಾಗಾಗಿ ಕಲ್ಲು ಕೆತ್ತಲು ಬಾರದವರೂ ಮೇಸ್ತ್ರಿ ಎಂದು ಹೆಸರು ಬರೆಸಿಕೊಂಡಿದ್ದರಂತೆ. ಸಾಹೇಬರು ಪರೀಕ್ಷೆ ಮಾಡಲು ಹೊರಟಾಗ ಅವರನ್ನು ಕೊಲ್ಲುವ ಸಂಚೇ ನಡೆಯಿತು. ವೀಸಾದಲ್ಲಿ ಒಂದು ಕೆಲಸ, ಸೈಟಿನಲ್ಲಿ ಇನ್ನೊಂದು ಕೆಲಸ ಕಂಡ ನಮಗೆ ಈ ಕಥೆ ಹೊಸತಲ್ಲ.

ಆಮೇಲೆ ಸಿಂಹಗಳು ಬಂದವು. 1898ರಲ್ಲಿ ತಿಂಗಳುಗಟ್ಟಲೆ ಎರಡು ಸಿಂಹಗಳು ರಾತ್ರಿ ಡೇರೆಯಿಂದ ಆಳುಗಳನ್ನು ಎಳೆದುಕೊಂಡು ಹೋದವು. ಪ್ಯಾಟರ್ಸನ್ ಆ ಪುಸ್ತಕದಲ್ಲಿ ಕೊಟ್ಟ ಲೆಕ್ಕ 28 ಭಾರತೀಯರು. ಆಫ್ರಿಕನ್ನರ ಲೆಕ್ಕ ಇಟ್ಟೇ ಇಲ್ಲ. ಡಿಸೆಂಬರ್ ಮೊದಲ ದಿನ ನೂರಾರು ಕೂಲಿಯವರು ಹಳಿಯ ಮೇಲೆ ಮಲಗಿ, ಹೋಗುತ್ತಿದ್ದ ರೈಲನ್ನು ನಿಲ್ಲಿಸಿ, ಹತ್ತಿ ಮೊಂಬಾಸಾಕ್ಕೆ ಓಡಿದರು. ಮೂರು ವಾರ ಕೆಲಸ ನಿಂತಿತು. ತಿಂಗಳ ಕೊನೆಗೆ ಪ್ಯಾಟರ್ಸನ್ ಎರಡನ್ನೂ ಹೊಡೆದರು. ಆ ಚರ್ಮಗಳನ್ನು ಷಿಕಾಗೋದ ಫೀಲ್ಡ್ ಮ್ಯೂಸಿಯಂ 5,000 ಡಾಲರ್ ಕೊಟ್ಟು ಕೊಂಡಿತು. ತುಂಬಿ ನಿಲ್ಲಿಸಿದ ಆ ಸಿಂಹಗಳು ಈಗಲೂ ಅಲ್ಲಿ ಜನರನ್ನು ಸೆಳೆಯುತ್ತಿವೆ.

ಪಾರ್ಕಿನ ಊರಿಗೆ ಇಟ್ಟ ಹೆಸರಿನಲ್ಲೂ ಈ ಆಳುಗಳ ನೆರಳು ಬಿದ್ದಿದೆ ಎನ್ನುವವರಿದ್ದಾರೆ. ಹರಾಂಬೆ ಎಂದರೆ ಒಟ್ಟಾಗಿ ಎಳೆಯೋಣ. ಜೋಮೊ ಕೆನ್ಯಾಟ್ಟಾ ಅದನ್ನು ದೇಶದ ಘೋಷವಾಕ್ಯ ಮಾಡಿದರು, ರಾಷ್ಟ್ರಲಾಂಛನದಲ್ಲೂ ಅದೇ ಇದೆ. ಭಾರತದ ಕೂಲಿಯವರು ಹಳಿ ಎತ್ತುವಾಗ 'ಹರ್ ಅಂಬೆ' ಎಂದು ಕೂಗುತ್ತಿದ್ದರು, ಅದೇ ಹರಾಂಬೆ ಆಯಿತು ಎಂಬ ಕಥೆಯನ್ನು ನೈರೋಬಿಯ ಗುಜರಾತಿ ಅಂಗಡಿಯವರೆಲ್ಲ ಹೇಳುತ್ತಾರೆ. ಇದೇ ಕಥೆ ನಂಬಿ, ಇದು ಹಿಂದೂ ದೇವಿಯ ಹೆಸರು ಎಂದು ಕೀನ್ಯಾದ ಕೆಲವು ಕ್ರೈಸ್ತರು ಆಕ್ಷೇಪ ಎತ್ತಿದ್ದೂ ಉಂಟು. ನನಗೆ ಮಾತ್ರ ಅನುಮಾನ. ಬಂದವರಲ್ಲಿ ಪಂಜಾಬಿನ ಮುಸಲ್ಮಾನರು, ಸಿಖ್ಖರು, ಪಠಾಣರು ತುಂಬಿದ್ದರು. ಅವರೆಲ್ಲ ಅಂಬೆಯನ್ನು ಕೂಗಿದರೆಂದು ನಂಬುವುದು ಕಷ್ಟ. ಕರಾವಳಿಯ ಸ್ವಾಹಿಲಿ ಹಮಾಲರದ್ದೇ ಕೂಗು ಅದು ಎಂಬ ವಾದ ಹೆಚ್ಚು ಸರಿ ಕಾಣುತ್ತದೆ. ಭಾರ ಎಳೆಯುವವರು ಎಲ್ಲಿದ್ದರೂ ಕೂಗುತ್ತಾರೆ. ನಮ್ಮ ಮಲ್ಪೆಯ ದಕ್ಕೆಯಲ್ಲಿ ದೋಣಿ ಎಳೆಯುವಾಗ 'ಐಸಾ' ಎನ್ನುವುದಿಲ್ಲವೇ?

ಆಳುಗಳ ನಿಜವಾದ ಗುರುತು ಬೇರೆ ಕಡೆ ಉಳಿದಿದೆ. ಸ್ವಾಹಿಲಿಯಲ್ಲಿ ಅಂಗಡಿಗೆ ದುಕಾ, ವಿಮೆಗೆ ಬಿಮಾ, ಲಕ್ಷಕ್ಕೆ ಲಾಕಿ. ಚಪಾತಿ ಇಲ್ಲದೆ ನೈರೋಬಿಯಲ್ಲಿ ಕ್ರಿಸ್‌ಮಸ್ ಇಲ್ಲ. ಡಿಸ್ನಿಯವರಿಗೂ ಇದು ಹೇಗೋ ಗೊತ್ತಾಗಿದೆ: ಪಾರ್ಕಿನ ಪಕ್ಕದ ಲಾಡ್ಜಿನಲ್ಲಿ 'ಸನಾ' ಎಂಬ ಹೋಟೆಲ್ ಮಾಡಿ ಆಫ್ರಿಕಾದ ಅಡುಗೆಗೆ ಭಾರತದ ಮಸಾಲೆ ಬೆರೆಸಿ, ನಾನ್ ಮತ್ತು ಚಟ್ನಿಗಳನ್ನು ಬಡಿಸುತ್ತಾರೆ. ಅಭಿಮಾನಿಗಳು ಆ ಬುಟ್ಟಿಯ ಫೋಟೋ ಹಾಕಿ ಹಾಕಿ ದಣಿದಿಲ್ಲ. ಹಳಿ ಹಾಕಿದವನು ಚಿತ್ರದಲ್ಲಿಲ್ಲ, ಅವನ ರೊಟ್ಟಿ ಇದೆ.

ಪೋಸ್ಟರ್‌ಗೆ ಎದುರು ಮಾತಾಡಿದವರೂ ಇದ್ದರು. ರೈಲ್ವೆ, ಕಾರ್ಖಾನೆಗಳ ಕೆಲಸಗಾರರನ್ನು ಸಂಘಟಿಸಿದ ಮಖನ್ ಸಿಂಗ್ 1950ರಿಂದ 1961ರವರೆಗೆ ಬಂಧನದಲ್ಲಿದ್ದರು. ನಮಗೆ ಇನ್ನೂ ಹತ್ತಿರದವರು ಪಿಯೊ ಗಾಮಾ ಪಿಂಟೊ. 1927ರಲ್ಲಿ ನೈರೋಬಿಯ ಗೋವಾ ಮನೆತನದಲ್ಲಿ ಹುಟ್ಟಿದ ಅವರು ಓದಿದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಮರಳಿ ಹೋಗಿ ಪತ್ರಿಕೆ ನಡೆಸಿದರು, ಜಮೀನು ಕಳೆದುಕೊಂಡವರ ಪರ ನಿಂತರು, ಸೆರೆ ಕಂಡರು. ಸ್ವತಂತ್ರ ಕೀನ್ಯಾದಲ್ಲೇ, 1965ರ ಫೆಬ್ರವರಿ 24ರಂದು, ಮನೆಯೆದುರು ಗುಂಡಿಗೆ ಬಲಿಯಾದರು.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಇವರಿಬ್ಬರಿಗಿಂತಲೂ ಹಿಂದಿನ ಒಬ್ಬ ಮೇಸ್ತ್ರಿ. ಸಿಂಹಗಳು ಸತ್ತ ಮೇಲೆ ಸಾವೋದ ಆಳುಗಳು ಪ್ಯಾಟರ್ಸನ್‌ಗೆ ಬೆಳ್ಳಿಯ ಬಟ್ಟಲು ಕೊಟ್ಟರು. ಜೊತೆಗೆ ರೋಶನ್ ಎಂಬ ಮೇಸ್ತ್ರಿ ಹಿಂದೂಸ್ತಾನಿಯಲ್ಲಿ ಉದ್ದನೆಯ ಪದ್ಯ ಬರೆದುಕೊಟ್ಟ. ಅದರ ಅನುವಾದ ಪ್ಯಾಟರ್ಸನ್ ಪುಸ್ತಕದ ಕೊನೆಯಲ್ಲಿದೆ. ಸಾಹೇಬರ ಹೊಗಳಿಕೆಯೇ ಹೆಚ್ಚು. ಆದರೆ ಆರಂಭದಲ್ಲಿ ಅವನೂ ಪ್ರಾಣಿಗಳ ಪಟ್ಟಿ ಕೊಡುತ್ತಾನೆ: ಸಿಂಹ, ಆನೆ, ಘೇಂಡಾಮೃಗ. ಒಂಬತ್ತು ವರ್ಷಗಳ ಬಳಿಕ ಪೋಸ್ಟರ್‌ನಲ್ಲಿ ನಗುತ್ತಾ ನಿಂತವೇ ಅವು. ರೋಶನ್ ಅವನ್ನು ಮನುಷ್ಯನ ಶತ್ರುಗಳೆಂದು ಕರೆಯುತ್ತಾನೆ. ಕೊನೆಗೆ ಸಾಹೇಬರು ಹೋಗುತ್ತಾರೆ, ತಾನು ಆಫ್ರಿಕಾದಲ್ಲಿ ಅಲೆಯುತ್ತಾ ಉಳಿಯಬೇಕು ಎಂದು ಕೊರಗುತ್ತಾನೆ.

ಪದ್ಯ ಮುಗಿದ ಮೇಲೆ ಅವನು ರುಜು ಹಾಕಿದ್ದಾನೆ. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ನಾವು ಬರೆಯುವ ಹಾಗೆಯೇ, ಒಂದನ್ನೂ ಬಿಡದೆ: ತಂದೆಯ ಹೆಸರು, ಊರು ಛಜನ್‌ಲಾಟ್, ಅಂಚೆ ದೊಮೇಲಿ, ಜಿಲ್ಲೆ ಝೇಲಂ. ತಾರೀಖು 29 ಜನವರಿ 1899.